ಬಾಂದುಕಲ್ಲಿನ ಎಡೆ

ನಮ್ಮ ಹೊಲಕ್ಕೂ ವೊಲೆರೋನ ಹೊಲಕ್ಕೂ ನಡುವೆ
ಮೊಣಕಾಲೆತ್ತರದ ಒಂದು ಕಲ್ಲು. ಅದು ದೇವರು.
ಫೆಬ್ರುವರಿಯ ಕಡೆಗೆ ಎರಡು ಮನೆಯವರೂ ಸೇರಿ
ಅದಕ್ಕೆ ಕುರಿಮರಿಯ ನೆತ್ತರು, ಜೇನು ಸವರಿದ ರೊಟ್ಟಿ;
ಆಚೆ ಮಗ್ಗುಲಿಗೆ ಅವರ ಹಾರ, ಈಚೆಗೆ ನಮ್ಮದು.

ಮರಿಯ ಹಣೆಗೆ ಉಪ್ಪುಹಿಟ್ಟು ಉದುರಿಸಿ
ಪೂಜಾರಿ ಒಂದೇ ಒಂದು ಮಾತು ಅನ್ನುತ್ತಿದ್ದ: ಸಾಕೆರ್.
ಮೀಸಲು ಅಂತ, ಎಂದಿದ್ದಳು ಅಮ್ಮ.
ಇನ್ನು ಅದು ನಮ್ಮದಲ್ಲ, ಮುಟ್ಟಬೇಡ.
ಓಕ್ ತೋಪಿನ ಊಟೆ ಸಾಕೆರ್. ಮೊದಲ ಸಿವುಡು ಸಾಕೆರ್.
ಸಿಡಿಲು ಬಡಿದ ಅಂಜೂರದ ಮರ, ಅದೂ.

ನನಗೆ ಏಳು ವರ್ಷ. ಉಳುಮೆಯ ಕಾಲ.
ಟೈಬರಿನಿಂದ ಮಂಜೆದ್ದು
ಎತ್ತಿನ ಕೊಂಬೇ ಕಾಣದ ಬೆಳಗು.
ಅಪ್ಪನ ನೇಗಿಲಿಗೆ ಏನೋ ತಾಗಿತು. ಬೇರೆಂದು ತಿಳಿದು
ಎತ್ತುಗಳನ್ನು ಗದರಿದ. ಕಲ್ಲು ಮಗ್ಗುಲಾಯಿತು.
ಬೇರೆಂದು ತಿಳಿದನೋ? ವರ್ಷಕ್ಕೊಂದು ಗೇಣು
ಸಾಲು ಆಚೆ ಸರಿಯುತ್ತಿತ್ತು ಅನ್ನುವಳು ವೊಲೆರೋನ ಹೆಂಡತಿ.
ನಾನು ಅಳೆದಿಲ್ಲ.

ಹಿರಿಯರು ಕೂತರು, ಬಹಳ ಹೊತ್ತೇನೂ ಅಲ್ಲ.
ಪೂಜಾರಿ ಎತ್ತುಗಳತ್ತ ಕೈ ಮಾಡಿ ಅಂದ: ಸಾಕೆರ್.
ಅಪ್ಪನತ್ತ ಕೈ ಮಾಡಿ ಅಂದ: ಸಾಕೆರ್.
ಅದೇ ದನಿ. ಕುರಿಮರಿಗೆ ಅಂದ ಅದೇ ಮಾತು.
ನಾನು ಓಡಿಹೋಗಿ, ಊಟೆಯ ಮುಂದೆ ಮಾಡುವ ಹಾಗೆ,
ಬೆರಳನ್ನು ತುಟಿಗೆ ಮುಟ್ಟಿಸಿ
ಅಪ್ಪನಿಗೆ ನಮಿಸಿದೆ.
ಯಾರೋ ಒಬ್ಬಳು ರೆಟ್ಟೆ ಹಿಡಿದು ಎಳೆದಳು.
ಮುಟ್ಟಬೇಡ, ಅಂದಳು.

ಎತ್ತುಗಳನ್ನು ದೇವರು ತೆಗೆದುಕೊಂಡ.
ಬಿಳಿಯದು ಕೊರಳು ಬಗ್ಗಿಸಿತು, ಕಂದು ಒಲ್ಲೆನೆಂದಿತು.
ಅಪ್ಪನನ್ನು ಒಯ್ಯಲಿಲ್ಲ; ಬಲಿಪೀಠಕ್ಕೆ ಅವನು ಸಲ್ಲ.
ಆದರೆ ದಾರಿಯಲ್ಲಿ ಯಾರು ಕಡಿದರೂ ಅದು ಕೊಲೆಯಲ್ಲ,
ಕಡಿದವನು ಕೈ ತೊಳೆಯಬೇಕಾಗಿಯೂ ಇಲ್ಲ.
ದೇವರ ಪಾಲಾದವನು,
ದೇವರಿಗೂ ಬೇಡವಾದವನು.

ಮುಂದಿನದು ನೀವು ಅಂದುಕೊಂಡ ಹಾಗಲ್ಲ.
ಯಾರೂ ಅವನನ್ನು ಕಡಿಯಲಿಲ್ಲ.
ಎಲ್ಲರಿಗೂ ಹಕ್ಕಿತ್ತು, ಎಲ್ಲರಿಗೂ ಕೊಯ್ಲಿತ್ತು.
ವೊಲೆರೊ ಒಂದು ಸಂಜೆ ಕುಡುಗೋಲು ಹಿಡಿದು ಜೌಗಿನ ತನಕ ಹೋಗಿ
ಒಂದು ಹೊರೆ ಜೊಂಡು ಕೊಯ್ದುಕೊಂಡು ಬಂದ.
ಹನ್ನೊಂದು ವರ್ಷ ಅಲ್ಲೇ ಇದ್ದ ಅಪ್ಪ,
ಓಪಿಟೆರ್ ಎಂದು ಕರೆಯುವವರಿಲ್ಲದೆ.
ನಮ್ಮ ನಾಯಿ ಮಾತ್ರ ಎರಡೂ ಕಡೆ ಓಡಾಡಿಕೊಂಡಿತ್ತು.
ಅದಕ್ಕೆ ಲ್ಯಾಟಿನ್ ಬಾರದು.

ಕತ್ತಲಾದ ಮೇಲೆ ಅಮ್ಮ ಒಂದು ಬಟ್ಟಲು ಜವೆಗಂಜಿ
ಮತ್ತೆ ನೆಟ್ಟ ಕಲ್ಲಿನ ಮೇಲಿಟ್ಟು
ಹಿಂತಿರುಗಿ ನೋಡದೆ ಬರುತ್ತಿದ್ದಳು.
ಕೇಳಿದವರಿಗೆ: ದೇವರಿಗೆ ಎಡೆ.
ಬೆಳಿಗ್ಗೆ ಬಟ್ಟಲು ಬರಿದು, ಬೆರಳಲ್ಲಿ ಬಳಿದಷ್ಟು ಚೊಕ್ಕ.
ಪೂಜಾರಿಗೂ ಗೊತ್ತಿತ್ತು, ಏನೂ ಅನ್ನಲಿಲ್ಲ.
ಉಣ್ಣುವವನನ್ನು ನೋಡದೆ ಇಟ್ಟರೆ ತಾನೆ
ಅದು ಎಡೆ.

ಒಂದು ಬೆಳಗು ಗಂಜಿ ಹಾಗೇ ಇತ್ತು, ಕೆನೆಗಟ್ಟಿ.
ಇರುವೆಯ ಸಾಲೊಂದು ವೊಲೆರೋನ ಹೊಲದಿಂದ ನಮ್ಮದಕ್ಕೆ
ಕಲ್ಲಿನ ಮೇಲೇ ಹಾದು ಬರುತ್ತಿತ್ತು.
ಅಮ್ಮ ನಿಂತೇ ಇದ್ದಳು.
ನಾನು ಬಟ್ಟಲು ತೆಗೆಯಲು ಕೈ ಚಾಚಿದೆ.
ತೆತ್ತಿಯಾ, ಅಂದಳು,
ಮುಟ್ಟಬೇಡ.