ಪಾನ್‌ದಾನದ ಮುಚ್ಚಳ

ಹುಮನಾಬಾದಿನ ರಿಟೈರ್ಡ್ ಹಿಸ್ಟರಿ ಸರ್
ಮಡಚಿ ಮಡಚಿ ಮೆತ್ತಗಾದ ಝೆರಾಕ್ಸ್ ಒಂದನ್ನು
ಬೀದರಿನ ನಮ್ಮ ಅಂಗಡಿಯ ಗಾಜಿನ ಮೇಲೆ ಹರವಿದರು.
ರೋಮಿನಲ್ಲಿ ಕಂಡದ್ದಂತೆ, ಕಲ್ಲಿನ ಶವಪೆಟ್ಟಿಗೆ.
ಒಳಗೆ ಯಾರೋ ಸೇನಾಪತಿ ಮಲಗಿದ್ದ,
ಹೊರಗೆ ಅವನ ಯುದ್ಧ ಇನ್ನೂ ನಡೆದಿತ್ತು.
"ಇದನ್ನ ಪಾನ್‌ದಾನದ ಮುಚ್ಚಳಕ್ಕ ಹಾಕ್ರಿ.
ನಮ್ಮಾಕಿ ಎಲಿ ಅಡಿಕಿ ಬಿಟ್ಟಿಲ್ಲ ಇನ್ನೂ."

ಆಕಾಶವೇ ಇಲ್ಲದ ಚಿತ್ರ. ನೆಲವೂ ಇಲ್ಲ.
ಕುದುರೆಯ ಹೊಟ್ಟೆ ಕೆಳಗೆ ಮೊಣಕೈ,
ಮೊಣಕೈ ಕೆಳಗೆ ಗುರಾಣಿ, ಗುರಾಣಿ ಕೆಳಗೆ ಕೂದಲು,
ಸಂಜೆ ಬಸವಕಲ್ಯಾಣದ ಬಸ್ಸಿನ ಬಾಗಿಲ ಹಾಗೆ.
ನಟ್ಟನಡುವೆ ಅವನೊಬ್ಬ, ಬರಿದಲೆಯವನು,
ಕತ್ತಿಯಿಲ್ಲದ ಬಲಗೈ ಬೀಸಿ
ಯಾರನ್ನೂ ನೋಡದೆ ಕುದುರೆ ಮೇಲಿದ್ದಾನೆ,
ಎಲ್ಲ ಮುಗಿದ ಮೇಲಿನ ಮುಖ ಹೊತ್ತು.

"ಎಂಟು ತೊಲ ಬೆಳ್ಳಿ," ಅಂದರು ಸರ್.
"ರೋಮಿನವರಿಗೆ ಬೆಳ್ಳಿ.
ಉತ್ತರದಿಂದ ನುಗ್ಗಿ ಬಂದ ಆ ಕಾಡುಜನ ಕಪ್ಪೇ ಇರಲಿ."
ಯಾರು ಯಾರೆಂದು ತಿಳಿಯುವುದು ಹೇಗ್ರಿ?
"ಸಾದಾ ಲೆಕ್ಕ. ಗಡ್ಡ ಇದ್ದವರು ಸೋತವರು."
ಮುನೀರ್ ಉಸ್ತಾದರು ತಮ್ಮ ಗಡ್ಡ ನೇವರಿಸಿ
"ಹೌದ್ರಿ ಸರ್, ಲೆಕ್ಕ ಸಾದಾನೇ ಅದ"
ಎಂದು ಅಡ್ವಾನ್ಸ್ ಎಣಿಸಿಕೊಂಡರು.

ಹದಿನಾರು ಪಾಲು ಸತು, ಒಂದು ಪಾಲು ತಾಮ್ರ.
ಎರಕದ ಮುಚ್ಚಳಕ್ಕೆ ಮೈಲುತುತ್ತ ಸವರಿ
ಎರಡು ವಾರ ಉಳಿ ಹಿಡಿದು ಕೂತೆ.
ತಲೆಗಿಂತ ಮೊದಲು ಕೈಗೆ ತಿಳಿಯಿತು:
ಬೆಳ್ಳಿ ಯಾರಿಗೋ, ಅವನನ್ನೇ ಮೊದಲು ಕೆತ್ತಿ ತೆಗೆಯಬೇಕು.
ಸೇನಾಪತಿಯ ತೊಡೆ, ಹಳ್ಳ. ಹಣೆ, ಹಳ್ಳ.
ಬೀಸಿದ ಕೈ ಐದು ಕವಲಿನ ಕಾಲುವೆ.
ಗೆದ್ದವರೆಲ್ಲ ತಮ್ಮ ತಮ್ಮ ಅಳತೆಯ ಗುಂಡಿ.
ಗಡ್ಡದವರಿಗೆ ಕೂದಲೆಳೆಯ ಗೆರೆ ಸಾಕಾಯಿತು,
ಅದರೊಳಗೆ ಅವರು ಇಡಿಯಾಗಿ, ಸತುವಾಗಿಯೇ ಇದ್ದರು.

ಬಲಗಡೆ ಕೆಳಗೆ, ಗೊರಸಿನಡಿ, ಒಬ್ಬ.
ಶಾಯಿ ಹರಡಿ ಅವನ ಮುಖದಲ್ಲಿ
ತೆರೆದ ಬಾಯೊಂದೇ ಉಳಿದಿತ್ತು.
ಯಾರನ್ನು ಕೂಗುತ್ತಿದ್ದನೋ,
ಅವನ ಭಾಷೆಯಲ್ಲಿ ನೀರಿಗೆ ಏನನ್ನುತ್ತಾರೋ.
ತಂತಿಯ ಚೂರೊಂದು ಮಿಕ್ಕಿತ್ತು.
ಆ ಬಾಯೊಳಗೆ ಒಂದು ಹಲ್ಲು ಕೂರಿಸಿದೆ.

ಬಿಸಿಲು ಮಳೆ ಕಾಣದ ಮೂಲೆಯಿಂದ ತಂದ ಕೋಟೆಯ ಮಣ್ಣನ್ನು
ಉಸ್ತಾದರು ನಾಲಗೆಗಿಟ್ಟು ನೋಡಿದರು.
"ಆಗ್ತದ. ಇದಕ್ಕ ಮುತ್ತಿಗಿ ಹಾಕಿದವರ ರುಚೀನೂ ಗೊತ್ತು,
ಒಳಗಿದ್ದವರ ರುಚೀನೂ ಗೊತ್ತು.
ಎರಡೂ ಉಪ್ಪೇ."
ನವಸಾಗರ ಬೆರೆಸಿ ಕುದಿಸಿದೆವು. ಮುಚ್ಚಳ ಇಳಿಯಿತು.
ಮಣ್ಣು ಬೆಳ್ಳಿಯನ್ನು ಮುಟ್ಟಲಿಲ್ಲ.
ಉಳಿದವರನ್ನೆಲ್ಲ ಒಂದೇ ಉಸಿರಿಗೆ
ತನ್ನ ಬಣ್ಣಕ್ಕೆ ಕರೆದುಕೊಂಡಿತು.

ಸರ್ ಬಂದರು, ಕನ್ನಡಕ ಹಾಕಿ
ರೋಮಿನವರನ್ನು ಎಣಿಸಿದರು. ಸರಿ ಇತ್ತು.
ಅವರ ಮನೆಯವರು ಯುದ್ಧ ನೋಡಲಿಲ್ಲ;
ಮುಚ್ಚಳ ತೆರೆದು, ಸುಣ್ಣದ ಡಬ್ಬಿ
ಒಳಗೆ ಕೂರುತ್ತದಾ ಎಂದು ಇಟ್ಟು ನೋಡಿದರು.
ಕೂತಿತು.
ದಿನಾ ಒರೆಸಬೇಕಾ ಎಂದರು.
ಒರೆಸದಿದ್ದರೆ ಬೆಳ್ಳಿಯೂ ಕಪ್ಪಾಗ್ತದ್ರಿ ಅಮ್ಮ, ಅಂದೆ.

ಸಂಜೆ ಉಸ್ತಾದರು ಬೆಳ್ಳಿಯ ಲೆಕ್ಕ ಬರೆದರು.
ಸೇನಾಪತಿ. ಅವನ ಕುದುರೆ. ಕಹಳೆಯವನು.
ಸಿಪಾಯಿಗಳು ಹನ್ನೊಂದು. ಅಂಚಿನ ಬಳ್ಳಿ.
ಪೆನ್ನು ನಿಲ್ಲಿಸಿ ಕನ್ನಡಕದ ಮೇಲಿಂದ
ನನ್ನನ್ನು ಒಮ್ಮೆ ನೋಡಿದರು, ಬಹಳ ಹೊತ್ತಲ್ಲ.
ಆಮೇಲೆ ಕೆಳಗೆ, ಸಣ್ಣ ಅಕ್ಷರದಲ್ಲಿ:

ಹಲ್ಲು, ಒಂದು. ಕಾಲು ಗುಲಗಂಜಿ.
ನಾಗಶೆಟ್ಟಿ ಪಗಾರದಾಗ ಹಿಡಿಯೂದು.