ನೂರಾ ಹನ್ನೆರಡು ತಾಟು

ಹತ್ತೂವರಿಗೆ ಹೆಡ್‌ಮಾಸ್ತರ್ ಚೀಟಿ ಕಳಸತಾರ:
ಇವತ್ತ ನೂರಾ ಹನ್ನೊಂದು.
ನಾನು ನೂರಾ ಹನ್ನೆರಡಕ್ಕ ಅಕ್ಕಿ ತೊಳೀತೀನಿ.
ಲೆಕ್ಕ ತಪ್ಪಿದ್ದಲ್ಲ ಅದು.
ದಾವಲಬಿ ತಡಾ ಮಾಡಿ ಬರ್ತಾಳ.

ಮಾಗಿ ಮುಗೀತಂದ್ರ ಬ್ಯಾಡಗಿಯೊಳಗ
ಊರಿಗೂರೇ ಸೀನತೈತಿ,
ಗುಡಿಯಾಗ ಕುಂತ ಪೂಜಾರಿ ಸುದ್ದಾ.
ಪೇಟಿ ತುಂಬ ಮೆಣಸಿನಕಾಯಿ,
ಡಬ್ಬಿ ಒಂದ ಕಡೆ, ಕಡ್ಡಿ ಒಂದ ಕಡೆ,
ನಡುವ ಕುಂತು ತೊಟ್ಟು ಮುರಿಯೋ ಹೆಂಗಸರು.
ಕಿಲೋಕ್ಕ ಇಷ್ಟು ಅಂತ ಕೂಲಿ.
ಸಣ್ಣ ಬೆರಳು ಲಗು ಓಡತಾವು.

ಹ್ವಾದ ವರ್ಷ ಮೂರು ದಿನ ಆಕಿ ಬರಲೇ ಇಲ್ಲ.
ನಾಕನೇ ದಿನ ಅವರವ್ವನ ಬಂದು ಬಿಟ್ಟಳು:
"ನೀಲವ್ವಕ್ಕ, ಈಕಿ ತೊಟ್ಟು ಮುರದ್ರ
ಈಕಿದೊಂದು ಹೊತ್ತಿನ ರೊಟ್ಟಿ ಹುಟ್ಟತಿತ್ತು.
ಆ ಹೊತ್ತು ನೀವ ಉಣಸತೀರಂದ್ರ
ಉಳದ ತೊಟ್ಟು ನಾನ ಮುರೀತೀನಿ, ತಗೋ.
ಮುಂಜಾನೆ ಒಂದೀಟು ಮಾತ್ರ ಕೈ ಹಚ್ಚಲಿ."
ಹಂಗಂದು ಸೆರಗಿನ್ಯಾಗ ಸೀನಿದಳು.

ಅವತ್ತ ಬಿಸಿ ಸಾರಿನ್ಯಾಗ ಬೆರಳಿಟ್ಟು ಹುಡುಗಿ ಚೀರಿತ್ತು.
ಉಗರ ಸಂದಿಗೆಲ್ಲಾ ಘಾಟು.
ಒಂದ ಚಮಚೆ ಎಣ್ಣಿ ಹಚ್ಚಿದೆ.
ಸಾಲಿ ಎಣ್ಣಿ. ಬುಕ್ಕಿನ್ಯಾಗ ಬರೀಬೇಕಿತ್ತು,
ಬರೀಲಿಲ್ಲ.

ಈಗ ಆಕಿ ಹಿಂದಿನ ಕಟ್ಟಿ ಮ್ಯಾಲ
ರೈಲಿನ ಹಳಿ ಕಡೆ ಮುಖಾ ಮಾಡಿ ಉಣತಾಳ.
ಗೂಡ್ಸ್ ಬಂತಂದ್ರ ಡಬ್ಬಿ ಎಣಸತಾಳ:
ಐವತ್ತೆಂಟು!
ಮೊದಲ ಮೂವತ್ತಕ್ಕ ತಪ್ಪತಿತ್ತು.
ಹೊಟ್ಟಿ ಗುರ್ ಅಂದ್ರ ಅಂಕಿ ಎಲ್ಲಿ ನಿಲ್ಲತಾವು?

"ಆಯಿ, ಟೇಶನ್ ಮಾಸ್ತರ್ ಆಗಾಕ ಎಷ್ಟ ಓದಬೇಕು?"
ನಾ ಏನ ಹೇಳ್ಲಿ,
ನಾನು ಮೂರನೇತ್ತಾ ಅರ್ಧಕ್ಕ ಬಿಟ್ಟಾಕಿ.
"ಮೊದಲ ಹತ್ತು ಪಾಸಾಗು. ಸಾರು ಬೇಕೇನು?"
"ಬೇಕು."
ಎರಡಕ್ಕೂ ಸೇರಿಸಿ ಅಂದಂಗಿತ್ತು.

ಆಗ್ತಾಳೋ ಇಲ್ಲೋ,
ಏಳನೇತ್ತಾ ಮುಗಿಯೂದ್ರಾಗ ಲಗ್ನದ ಮಾತು ಬರತೈತೋ,
ಅದ್ಯಾವುದೂ ನನ್ನ ಕೈಯಾಗಿಲ್ಲ.
ನನ್ನ ಕೈಯಾಗ ಸೌಟು ಐತಿ.
ಸೌಟಿನ ಪಗಾರ ಎರಡು ತಿಂಗಳಿಂದ ಬಂದಿಲ್ಲ,
ಅದು ಬ್ಯಾರೇ ಮಾತು.

ಇವತ್ತ ಶನಿವಾರ, ಮುಂಜಾನೆ ಸಾಲಿ, ಉಪ್ಪಿಟ್ಟು.
ಆಕಿಗೆ ಒಂದ ಸೌಟು ಹೆಚ್ಚು ಹಾಕಿದೆ.
ತಾಟು ತೊಳದು ಬಿಸಲಿಗೆ ಎತ್ತಿ ಹಿಡದು
ಹಾವೇರಿ ಕಡೆಯಿಂದ ಬರೋ ರೈಲಿಗೆ
ಹಾದಿ ಖುಲ್ಲಾ ಐತಿ ಅಂತ ತೋರಿಸಿದಳು.
ರೈಲು ನಿಲ್ಲಲಿಲ್ಲ.
ನಿಲ್ಲೂದು ಬ್ಯಾಡಾಗಿತ್ತು ಆಕಿಗೆ,
ದಾಟಿ ಹೋಗೂದ ಬೇಕಾಗಿತ್ತು.

ನಾಳೆ ಐತವಾರ. ಒಲಿ ಹಚ್ಚೂದಿಲ್ಲ.
ಸೋಮವಾರದ ಬ್ಯಾಳಿ ಇವತ್ತ ಹಸನ ಮಾಡಿ ಇಟ್ಟೀನಿ,
ನೂರಾ ಹನ್ನೆರಡಕ್ಕ.