ಮೂರನೆಯ ಸರದಿ

ನಾಳೆ ಹತ್ತಕ್ಕೆ ಕಾಸರಗೋಡಿನ ಪುರಭವನದಲ್ಲಿ
ಆರು ತಂಡ, ನಲವತ್ತೊಂದು ಹುಡುಗಿಯರು.
ಉಪ್ಪಳಕ್ಕೆ ಮೂರನೆಯ ಸರದಿ.
ಸ್ಟೀಲು ಡಬ್ಬಿಯಿಂದ ಆ ಮೂರನ್ನು ಎತ್ತಿದ್ದು ನನ್ನ ಕೈಯೇ,
ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದೇನೆ.

ಮೊದಲ ಎರಡು ಹೆಸರು ಬಸ್‌ಸ್ಟ್ಯಾಂಡಿನ ಕಾಗೆಗೂ ಗೊತ್ತು:
ನೀಲೇಶ್ವರದ ಶಿಲ್ನ, ಆರಡಿ ಒಂದಿಂಚು,
ಬಾಗಿಲಲ್ಲಿ ತಲೆ ತಗ್ಗಿಸುತ್ತಲೇ ಬೆಳೆದವಳು;
ಆಮೇಲೆ ಅವಳಿಗಳಲ್ಲಿ ದೊಡ್ಡವಳು,
ಐದು ನಿಮಿಷಕ್ಕೆ ದೊಡ್ಡವಳು, ಹತ್ತು ಪಾಯಿಂಟಿಗೂ.
ನಾವು ಹುಡುಕಬೇಕಾದ್ದು ಅವರಿಬ್ಬರೂ ಹೋದಮೇಲಿನ ಲೋಕದಲ್ಲಿ.

ರೇಷನ್ ಅಂಗಡಿಯ ಶಟರ್ ಅರ್ಧ ಇಳಿಸಿ
ಅಕ್ಕಿ ಮೂಟೆಯ ಮೇಲೆ ನೋಟುಬುಕ್ಕು ಬಿಡಿಸಿದ್ದೇನೆ.
ತೂಗುವುದು ನನ್ನ ಕಸುಬು, ಹತ್ತೊಂಬತ್ತು ವರ್ಷ.
ಆದರೆ ತಕ್ಕಡಿಗೆ ನಾಳೆ ಎಂಬುದು ಗೊತ್ತಿಲ್ಲ,
ಈಗ ಇಟ್ಟದ್ದನ್ನು ಈಗ ಹೇಳುತ್ತದೆ.

ಬೇಳದ ಡೆಲ್ಫಿನ್ ಕ್ರಾಸ್ತಾ. ಐದು ಹನ್ನೊಂದು. ಹದಿನೇಳು ತುಂಬಿಲ್ಲ.
ಐತಪ್ಪ ಮಾಷ್ಟ್ರು ಇವಳಿಗೇ ಗಂಟುಬಿದ್ದಿದ್ದಾರೆ:
"ಆಟ ಕಲಿಸಬಹುದು ಮಾರಾಯ್ತಿ, ಎತ್ತರ ಕಲಿಸಲಿಕ್ಕುಂಟಾ?"
ಇಲ್ಲ. ನಿಜ.
ಆದರೆ ಬೋರ್ಡಿನ ಕೆಳಗೆ ಮೊಣಕೈಗಳ ಸಂತೆ ನೆರೆದಾಗ
ಅವಳು "ಸಾರಿ" ಎನ್ನುತ್ತಾಳೆ.
ಎಣಿಸಿದ್ದೇನೆ: ಒಂದು ಆಟದಲ್ಲಿ ಹದಿನಾಲ್ಕು ಸಾರಿ, ಸಾರಿ.

ಪೆರ್ಲದ ಮೇಘಶ್ರೀ ರೈ. ದೂರದಿಂದ ಎಸೆದರೆ ಬಲೆಗೆ ಮಾತ್ರ ಸದ್ದು.
ಹತ್ತಕ್ಕೆ ನಾಲ್ಕು, ಹುಚ್ಚು ಹಿಡಿದ ದಿನ ಆರು.
ಬಿದ್ದಮೇಲೆ ಅಲ್ಲೇ ನಿಂತು ತನ್ನ ಕೈ ನೋಡಿಕೊಳ್ಳುತ್ತಾಳೆ,
ಅಷ್ಟರಲ್ಲಿ ಎದುರಿನವರು ನಮ್ಮ ಮನೆಗೆ ಬಂದು
ಉಂಡು, ಕೈತೊಳೆದು ಹೋಗಿರುತ್ತಾರೆ.

ಮೊಗ್ರಾಲಿನ ರಮೀಝಾ. ಎಡಗೈ. ಫುಟ್‌ಬಾಲಿನ ಊರು ಅದು,
ಅಣ್ಣಂದಿರ ಕಾಲಿನಿಂದ ಚೆಂಡು ಕಸಿದು ಕೈಗೆತ್ತಿಕೊಂಡವಳು.
ನೋಡುವುದು ಒಂದು ಕಡೆ, ಕೊಡುವುದು ಇನ್ನೊಂದು ಕಡೆ,
ತನ್ನವರ ಮೂಗಿಗೇ ಬಡಿಯುತ್ತದೆ.
ಇವಳನ್ನು ತಂದರೆ ಉಳಿದ ನಾಲ್ವರಿಗೆ ಪಾಠ ಹೇಳಬೇಕು.
ಮೇ ತಿಂಗಳು ನರ್ಸಿಂಗ್ ಪರೀಕ್ಷೆ, ಬರುವುದಿಲ್ಲ ಎಂದರು ಯಾರೋ.
ಯಾರೋ ಎಂದರೆ ಬೇಕಲದ ಮ್ಯಾನೇಜರು.
ಅವರದ್ದು ನಾಲ್ಕನೆಯ ಸರದಿ.

ಇನ್ನೊಬ್ಬಳಿದ್ದಾಳೆ. ಪಟ್ಟಿಯಲ್ಲಿ ಮೂವತ್ತಾರನೆಯವಳು.
ಚೆರುವತ್ತೂರು. ಐದು ನಾಲ್ಕು. ಪಾಯಿಂಟು: ಮೂರು, ಎರಡು, ಸೊನ್ನೆ.
ಮೊದಲ ಆಟದಲ್ಲಿ ನಾನವಳನ್ನು ಗಮನಿಸಲೇ ಇಲ್ಲ.
ಎರಡನೆಯದರಲ್ಲಿ, ಇವರು ಯಾಕೆ ಸೋಲುತ್ತಿಲ್ಲ ಎಂದು ಹುಡುಕುತ್ತ
ಸಿಕ್ಕಳು: ಚೆಂಡು ರಿಂಗಿಗೆ ಬಡಿಯುವ ಮೊದಲೇ
ಅದು ಬೀಳುವಲ್ಲಿಗೆ ಹೊರಟಿದ್ದಳು.
"ಕಡಲಿನವರ ಮಗಳಲ್ವಾ, ಬಲೆಯ ಅಭ್ಯಾಸ," ಎಂದರು ಮಾಷ್ಟ್ರು.
ಕೇಳಿದೆ. ಅಪ್ಪನದು ಲೇತಿನ ಕೆಲಸ. ದೋಣಿ ಹತ್ತಿದರೆ ಇವಳಿಗೆ ವಾಂತಿ.
ಮೂರನೆಯದರಲ್ಲಿ ಸೋತರು. ಬೆವರು ಒರೆಸುತ್ತ ಸ್ಕೋರಿನ ಮೇಜಿಗೆ ಬಂದು
"ಆ ಎರಡು ನನ್ನದಲ್ಲ, ಹತ್ತನೇ ನಂಬರಿನವಳದ್ದು," ಎಂದು ತಿದ್ದಿಸಿ ಹೋದಳು.
ಸೊನ್ನೆ ಬಂದದ್ದು ಹಾಗೆ.

ಚೀಟಿಯಲ್ಲಿ ಹೆಸರು ಎರಡೂ ಲಿಪಿಯಲ್ಲಿ ಬೇಕಂತೆ.
ಮಲಯಾಳದಲ್ಲಿ ಬರೆದಾಯಿತು. ಕನ್ನಡದಲ್ಲಿ ಪೆನ್ನು ನಿಂತಿತು.
ನಿವ್ಯಾ ಪುಳಕ್ಕರ ಎಂದೆ. ಪುಝಕ್ಕರ ಎಂದು ತಿದ್ದಿದೆ. ಎರಡೂ ಅವಳಲ್ಲ.
ನಾಲಗೆ ಹಿಂದಕ್ಕೆ ಮಡಚಿದರೆ ಬರುವ ಆ ಅಕ್ಷರ
ನಮ್ಮಲ್ಲೂ ಇತ್ತು, ಶಾಸನದ ಕಲ್ಲುಗಳಲ್ಲಿ ಈಗಲೂ ಇದೆ.
ಯಾವ ಕಾಲದಲ್ಲೋ ಕೈಬಿಟ್ಟೆವು;
ಹೊಳೆಯಾಚೆಯವರು ಇಟ್ಟುಕೊಂಡು
ಇವತ್ತಿಗೂ ಆಡಿಸುತ್ತಿದ್ದಾರೆ.
ಯಾರು ಕೂತು, ಏನು ತೂಗಿ, ಬೇಡ ಅಂದರೋ.

ಶಾಲೆಯ ಹಳಗನ್ನಡ ಪಾಠದಲ್ಲಿ ಕಂಡ ಆಕಾರ ನೆನೆಸಿಕೊಂಡು
ಗೀಚಿದೆ: ಪುೞಕ್ಕರ.
ಅಷ್ಟೇನೂ ಚೆಂದ ಬರಲಿಲ್ಲ. ಬಾಲ ತುಸು ಉದ್ದವಾಯಿತು.

ಮಾಷ್ಟ್ರ ಫೋನು: "ಡೆಲ್ಫಿನ್ ತಾನೇ?"
"ನಾಳೆ ನೋಡುವಾ," ಎಂದೆ.

ಶಟರಿನಡಿ ನುಸುಳಿದ ಬೆಕ್ಕು ತಕ್ಕಡಿ ಹತ್ತಿ ಕೂತಿತು.
ಮೂರು ಕಿಲೋ ನೂರಾನಲವತ್ತು.
ಬಾಲ ಹೊರಗೇ ಇತ್ತು.